ಬುಡದಲ್ಲಿ ಗುಂಗುರು, ತುದಿಯಲ್ಲಿ ನೇರ

ನನ್ನ ತಲೆಯಲ್ಲಿ ಈಗ ಎರಡು ಪಕ್ಷ. ಬುಡದಲ್ಲಿ ನನ್ನದೇ ಗುಂಗುರು, ಕಿವಿಯಿಂದ ಕೆಳಗೆ ಸ್ಟ್ರೈಟ್ನಿಂಗ್ ಮಾಡಿಸಿದ ಹಳೇ ನೇರ ಕೂದಲು. ಕೆಮಿಕಲ್ ತಾಗಿದ ಭಾಗ ಮತ್ತೆ ಗುಂಗುರು ಆಗಲ್ಲ, ಕೂದಲೊಳಗಿನ ಪ್ರೋಟೀನ್ ಕೊಂಡಿಗಳನ್ನೇ ಅದು ಮುರಿದಿರುತ್ತದೆ. ಹೊಸದು ಬುಡದಿಂದಲೇ ಬರಬೇಕು, ತಿಂಗಳಿಗೆ ಹೆಚ್ಚು ಕಮ್ಮಿ 1 ಸೆಂಟಿಮೀಟರ್. ಎರಡೂ ಸೇರುವ ಜಾಗ ತುಂಬಾ ನಾಜೂಕು. ಒಣ ಕೂದಲಿಗೆ ಬಾಚಣಿಗೆ ಹಾಕಿದರೆ ಅಲ್ಲೇ ಸಿಕ್ಕಿಕೊಂಡು ಪಟ್ ಅಂತ ತುಂಡಾಗುತ್ತದೆ, ಅದಕ್ಕೆ ಕಂಡೀಷನರ್ ಹಚ್ಚಿ ಬೆರಳಲ್ಲೇ ಬಿಡಿಸುತ್ತೇನೆ. ಮಡಿಕೇರಿ ಮಳೆಗಂತೂ ಬುಡ ಉಬ್ಬುತ್ತದೆ, ತುದಿ ಜೋತು ಬೀಳುತ್ತದೆ.

ಇದೆಲ್ಲ ಸಹಿಸಬಹುದು. ಮೊನ್ನೆ ಗೋಣಿಕೊಪ್ಪದಲ್ಲಿ ಒಂದು ಮದುವೆ. ಹಿರಿಯರೊಬ್ಬರು ಪಂದಿಕರಿ ತಟ್ಟೆ ಹಿಡಿದುಕೊಂಡೇ ಹತ್ತಿರ ಬಂದು "ಏನಮ್ಮಾ, ತಲೆ ಬಾಚಿಲ್ವಾ?" ಅಂದರು. ನಕ್ಕೆ. ಮನೆಗೆ ಬಂದು ಕನ್ನಡಿ ಮುಂದೆ ನಿಂತಾಗ ಮಾತ್ರ, ಚಿಕ್ಕವಳಿದ್ದಾಗ ಎಣ್ಣೆ ಸುರಿದು ಎಳೆದೆಳೆದು ಹಾಕುತ್ತಿದ್ದ ಆ ಬಿಗಿ ಜಡೆ, ಕ್ಲಾಸಿನಲ್ಲಿ ಹಿಂದಿನ ಬೆಂಚಿನವರು ಕೂದಲು ಎಳೆದು ಬಿಟ್ಟು ಸ್ಪ್ರಿಂಗ್ ಅಂತ ನಗುತ್ತಿದ್ದದ್ದು, ಎಲ್ಲಾ ಒಟ್ಟಿಗೆ ನೆನಪಾಗಿ ಅಳು ಬಂತು. ಸುಮ್ನೆ ಕೂದಲು ತಾನೇ ಅನ್ನುವವರಿಗೆ ಇದು ಅರ್ಥ ಆಗೋದು ಕಷ್ಟ. ದೊಡ್ಡವಳಾದ ಮೇಲೆ ನನ್ನ ಕೂದಲನ್ನು ನಾನೇ ನೋಡಿಲ್ಲ ಅಲ್ವಾ, ಹೇಗಿರುತ್ತೋ ಅಂತ ಭಯಕ್ಕಿಂತ ಕುತೂಹಲ ಜಾಸ್ತಿ.

ನೇರ ಭಾಗ ಪೂರ್ತಿ ಕತ್ತರಿಸಿಬಿಡು ಅಂತಾಳೆ ತಂಗಿ. ಅಷ್ಟು ಧೈರ್ಯ ಇನ್ನೂ ಬಂದಿಲ್ಲ. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಮುಂಚೆ ನಾಲ್ಕು ಬೆರಳಷ್ಟು ತೆಗೆಸುತ್ತೇನೆ, ಫೋಟೋ ಹಾಕ್ತೀನಿ, ಬಾಚಿಲ್ವಾ ಅಂತ ಮಾತ್ರ ಕೇಳಬೇಡಿ.