ಹೂಕೋಸಿಗೆ ಜಾಗ ಬಿಡಿ

ನಮ್ಮ ಮನೆಯಲ್ಲಿ ಸಂಜೆ ನಾಲ್ಕೂವರೆಗೆ ಓವನ್ ಹಚ್ಚುವುದು ನನ್ನ ಕೆಲಸ. ಮಗ, ಸೊಸೆ ಇಬ್ಬರೂ ಮನೆ ಸೇರುವಾಗ ಏಳು ದಾಟಿರುತ್ತದೆ. ಅಲ್ಲಿಯ ತನಕ ಮೊಮ್ಮಕ್ಕಳು ನನ್ನ ಮತ್ತು ನನ್ನಾಕೆಯ ಸುಪರ್ದಿಯಲ್ಲಿರುತ್ತಾರೆ. ದೊಡ್ಡವಳಿಗೆ ಆರು ವರ್ಷ, ಚಿಕ್ಕವನಿಗೆ ಮೂರೂವರೆ. ನಾನು ಮೈಸೂರಿನ ಅಶೋಕಪುರದ ರೈಲ್ವೆ ಕಾರ್ಯಾಗಾರದಲ್ಲಿ ಇಡೀ ನೌಕರಿ ಮುಗಿಸಿದವನು. ಅಡುಗೆಮನೆಗೆ ಕಾಲಿಟ್ಟದ್ದು ತಡವಾಗಿಯಾದರೂ ಕಾವು, ತೇವಗಳ ಜೊತೆಗಿನ ಒಡನಾಟ ಹಳೆಯದು. ಮಗ ಕೇಕ್ ಮಾಡುವ ಉಮೇದಿನಲ್ಲಿ ಕೊಂಡಿದ್ದ ಓಟಿಜಿ ಎಂಬ ಈ ವಿದ್ಯುತ್ ಓವನ್ ಪ್ಲಾಸ್ಟಿಕ್ ಹೊದಿಕೆಯೊಳಗೆ ಧೂಳು ತಿನ್ನುತ್ತಿತ್ತು. ಈಗ ಅದಕ್ಕೆ ದಿನವೂ ಕೈತುಂಬ ಕೆಲಸ.

ಮಕ್ಕಳಿಗೆ ತರಕಾರಿ ಸೇರುವುದಿಲ್ಲ ಎಂದು ನಮ್ಮ ಬೀದಿಯ ಪ್ರತಿ ಮನೆಯಲ್ಲೂ ದೂರು. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಮಕ್ಕಳಿಗೆ ಸೇರದಿರುವುದು ಒದ್ದೆಯಾದ, ಮೆತ್ತಗಿನ, ಏನು ಎಂದು ಗೊತ್ತಾಗದಂತೆ ಬೆರೆತುಹೋದ ತರಕಾರಿ. ಸಾಂಬಾರಿನಲ್ಲಿ ಬೆಂದ ಹುರುಳಿಕಾಯಿಯನ್ನು ಒಂದೊಂದಾಗಿ ಹೆಕ್ಕಿ ತಟ್ಟೆಯ ಅಂಚಿಗೆ ಸಾಲಾಗಿ ಇಡುವ ನಮ್ಮ ದೊಡ್ಡವಳೇ, ಪಲ್ಯದ ಬಾಣಲೆಯ ತಳ ಹಿಡಿದ ಚೂರುಗಳಿಗಾಗಿ ತಮ್ಮನ ಜೊತೆ ಜಗಳವಾಡುತ್ತಾಳೆ. ತರಕಾರಿ ಅದೇ, ನೀರು ಮಾತ್ರ ಇಲ್ಲ. ಅಲ್ಲದೆ ಎಳೆಯ ಮಕ್ಕಳಿಗೆ ಕಹಿ ನಮಗಿಂತ ಚುರುಕಾಗಿ ತಿಳಿಯುತ್ತದೆ, ಸಿಹಿ ಹೆಚ್ಚು ಬೇಕೆನಿಸುತ್ತದೆ. ಅದು ಹಟವಲ್ಲ, ಆ ವಯಸ್ಸಿನ ನಾಲಿಗೆಯ ಸ್ವಭಾವ. ತರಕಾರಿಯನ್ನು ಒಣ ಕಾವಿನಲ್ಲಿ ಹುರಿದರೆ ಅದರೊಳಗಿನ ನೀರು ಆವಿಯಾಗಿ ಇರುವ ಸಿಹಿ ಗಾಢವಾಗುತ್ತದೆ, ಅಂಚು ಗರಿಗರಿಯಾಗುತ್ತದೆ. ಮಗುವಿಗೆ ಕೈಯಲ್ಲಿ ಹಿಡಿದು ನೋಡಲು ಒಂದು ಆಕಾರವೂ ಸಿಗುತ್ತದೆ.

ಪಾಲಕ್ಕನ್ನು ರುಬ್ಬಿ ದೋಸೆಯಲ್ಲಿ ಅಡಗಿಸುವುದು, ಕ್ಯಾರೆಟ್ ತುರಿದು ಇಡ್ಲಿಯೊಳಗೆ ತುರುಕುವುದು ಇವೆಲ್ಲ ನನಗೆ ಹಿಡಿಸುವುದಿಲ್ಲ. ಹೊಟ್ಟೆಗೆ ಹೋಯಿತು ಎಂಬ ಸಮಾಧಾನ ದೊಡ್ಡವರಿಗೆ. ಮಗು ಮಾತ್ರ ಪಾಲಕ್ಕಿನ ಪರಿಚಯವಿಲ್ಲದೆಯೇ ಬೆಳೆಯುತ್ತದೆ.

ಹುರಿಯುವುದರಲ್ಲಿ ಗುಟ್ಟೇನೂ ಇಲ್ಲ, ಒಂದು ಲೆಕ್ಕ ಇದೆ. ತರಕಾರಿಯ ಮೈಮೇಲೆ ನೀರಿನ ಪಸೆ ಇರುವ ತನಕ ಅಲ್ಲಿನ ಕಾವು 100 ಡಿಗ್ರಿ ದಾಟುವುದಿಲ್ಲ. ಓವನ್ನಿನ ಗುಂಡಿಯನ್ನು 200ಕ್ಕೆ ತಿರುಗಿಸಿದ್ದರೂ ಅಷ್ಟೇ. ಆದರೆ ನಾವು ಬಯಸುವ ಕಂದು ಬಣ್ಣ ಮತ್ತು ಘಮ ಚುರುಕಾಗಿ ಹುಟ್ಟುವುದು ಸುಮಾರು 140 ಡಿಗ್ರಿಯ ಮೇಲೆ. ಸಕ್ಕರೆಯೂ ಪ್ರೋಟೀನಿನ ಅಂಶಗಳೂ ಕಾವಿನಲ್ಲಿ ಕೂಡಿ ಆಗುವ ಈ ಕ್ರಿಯೆಯನ್ನು ಮಯಾರ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ 1912ರಲ್ಲಿ ವಿವರಿಸಿದ. ದೋಸೆಯ ತಳ ಕೆಂಪಗಾಗುವುದರಲ್ಲೂ ಇದೇ ಕ್ರಿಯೆಯ ಕೈವಾಡ. ಆದ್ದರಿಂದ ಮೊದಲ ಕೆಲಸ ತರಕಾರಿಯನ್ನು ಒರೆಸಿ ಒಣಗಿಸುವುದು. ಎರಡನೆಯದು ಟ್ರೇಯಲ್ಲಿ ತುಂಡಿನಿಂದ ತುಂಡಿಗೆ ಬೆರಳಗಲ ಜಾಗ ಬಿಡುವುದು. ಒತ್ತೊತ್ತಾಗಿ ತುಂಬಿದರೆ ಒಂದರಿಂದ ಎದ್ದ ಆವಿ ಪಕ್ಕದ್ದನ್ನು ಬೇಯಿಸುತ್ತದೆ, ಕೊನೆಗೆ ಸಿಗುವುದು ಅದೇ ಮೆತ್ತಗಿನ ಪಲ್ಯ. ತೇವವಿರುವ ತಗಡಿಗೆ ಎಷ್ಟು ಒಳ್ಳೆಯ ಬಣ್ಣ ಬಳಿದರೂ ಹಿಡಿಯುವುದಿಲ್ಲ ಎಂಬುದು ಬೋಗಿಗಳ ನಡುವೆ ಕೆಲಸ ಮಾಡಿದ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೂಕೋಸಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲಿ ಗೆದ್ದ ಮೊದಲ ತರಕಾರಿ ಅದು. ನಂಜುಮಳಿಗೆ ಮಾರುಕಟ್ಟೆಯಲ್ಲಿ ಬೆಳಿಗ್ಗೆ ಹೋದರೆ ಬಿಗಿಯಾದ, ಬೆಳ್ಳಗಿನ ಹೂವು ಸಿಗುತ್ತದೆ. ಎತ್ತಿ ನೋಡಿದಾಗ ಗಾತ್ರಕ್ಕಿಂತ ಭಾರವಾಗಿರಬೇಕು. ಮನೆಗೆ ತಂದು ದೊಡ್ಡ ಎಸಳುಗಳಾಗಿ ಬಿಡಿಸಿ, ಹುಳು ಇದ್ದರೆ ಹೊರಬರಲಿ ಎಂದು ಉಪ್ಪು, ಅರಿಸಿನ ಹಾಕಿದ ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸುತ್ತೇನೆ. ಈ ನೆನೆಸುವುದನ್ನು ಎಲ್ಲರೂ ಮಾಡುತ್ತಾರೆ. ಆಮೇಲಿನ ಕೆಲಸದಲ್ಲಿ ಮಾತ್ರ ಅವಸರ. ಎಸಳುಗಳನ್ನು ಹಳೆಯ ಪಂಚೆಯ ಮೇಲೆ ಬೋರಲು ಹಾಕಿ ಫ್ಯಾನಿನ ಕೆಳಗೆ ಒಂದು ಗಂಟೆಯಾದರೂ ಬಿಡಬೇಕು, ಏಕೆಂದರೆ ಹೂವಿನ ಸಂದಿಯಲ್ಲಿ ನೀರು ನಿಲ್ಲುತ್ತದೆ. ಆಮೇಲೆ ಪ್ರತಿ ಎಸಳನ್ನೂ ನಿಲುವಾಗಿ ಎರಡು ಸೀಳು ಮಾಡುತ್ತೇನೆ. ಒಂದು ಬದಿ ಚಪ್ಪಟೆಯಾದರೆ ಅದು ಟ್ರೇಗೆ ಅಂಟಿ ಕೂರುತ್ತದೆ, ಆ ಬದಿಯೇ ಕೆಂಪಗಾಗುವುದು.

ಅರ್ಧ ಕಿಲೋ ಹೂಕೋಸಿಗೆ ಒಂದೂವರೆ ದೊಡ್ಡ ಚಮಚ ಕಡಲೆಕಾಯಿ ಎಣ್ಣೆ, ಕಾಲು ಚಿಕ್ಕ ಚಮಚ ಉಪ್ಪು. ಬಟ್ಟಲಿನಲ್ಲಿ ಕೈಯಿಂದಲೇ ಕಲಸಬೇಕು, ಚಮಚದಿಂದ ಕಲಸಿದರೆ ಎಣ್ಣೆ ಎಲ್ಲ ಕಡೆ ಹತ್ತುವುದಿಲ್ಲ. ಓವನ್ನನ್ನು 200 ಡಿಗ್ರಿಯಲ್ಲಿ ಹತ್ತು ನಿಮಿಷ ಮುಂಚೆಯೇ ಕಾಯಿಸಿ, ನಡುವಿನ ಅಂತಸ್ತಿನಲ್ಲಿ ಟ್ರೇ ಇಡಿ. ಹದಿನೈದು ನಿಮಿಷಕ್ಕೆ ಒಮ್ಮೆ ಮಗುಚಿ, ಮತ್ತೆ ಹತ್ತು ನಿಮಿಷ. ನೀರಿನಲ್ಲಿ ಹೆಚ್ಚು ಹೊತ್ತು ಬೆಂದ ಹೂಕೋಸಿಗೆ ಗಂಧಕದ ಒಂದು ವಾಸನೆ ಬರುತ್ತದಲ್ಲ, ಮಕ್ಕಳು ಮೂಗು ಮುಚ್ಚಿಕೊಳ್ಳುವುದು ಅದಕ್ಕೇ. ಹುರಿದದ್ದರಲ್ಲಿ ಆ ವಾಸನೆ ಹಿಂದೆ ಸರಿದು ಗೋಡಂಬಿಯ ಘಮದಂಥದ್ದೊಂದು ಮುಂದೆ ಬರುತ್ತದೆ. ಚಿಕ್ಕವನು ಇದನ್ನು "ಮರ" ಎನ್ನುತ್ತಾನೆ. ಮರದ ತಲೆಯನ್ನು ಮೊದಲು ತಿಂದು ಕಾಂಡವನ್ನು ಅಕ್ಕನಿಗೆ ದಾನ ಮಾಡುತ್ತಾನೆ.

"ವಿದ್ಯುತ್ ಬಿಲ್ಲು ನಿಮ್ಮ ಪಿಂಚಣಿಯಲ್ಲೇ ಕಟ್ಟಿ" ಎಂದಳು ನನ್ನಾಕೆ. 1500 ವಾಟಿನ ಓವನ್ ನಲವತ್ತು ನಿಮಿಷ ಎಡೆಬಿಡದೆ ಉರಿದರೂ ಆಗುವುದು ಒಂದು ಯೂನಿಟ್, ಅದೂ ನಡುನಡುವೆ ತಾನೇ ಆರಿ ಹೊತ್ತಿಕೊಳ್ಳುವುದರಿಂದ ಇನ್ನೂ ಕಡಿಮೆ ಎಂದು ಕಾಗದದ ಮೇಲೆ ಬರೆದು ತೋರಿಸಿದೆ. ಅವಳು ಕಾಗದವನ್ನು ನೋಡಲಿಲ್ಲ, ಟ್ರೇಯಿಂದ ಒಂದು ಎಸಳು ಎತ್ತಿಕೊಂಡಳು.

ಉಳಿದ ತರಕಾರಿಗಳಿಗೂ ಕಾವು ಇದೇ, ಹೊತ್ತು ಬೇರೆ. ಕ್ಯಾರೆಟ್ಟನ್ನು ಕಿರುಬೆರಳಿನಷ್ಟು ಕಡ್ಡಿಗಳಾಗಿ ಸೀಳಿದರೆ ಇಪ್ಪತ್ತೈದು ನಿಮಿಷ. ನಾಟಿ ಹುರುಳಿಕಾಯಿಗೆ ಹದಿನೈದು ಸಾಕು, ತುದಿ ಮುರುಟಿಕೊಂಡು ಅಲ್ಲಲ್ಲಿ ಕಪ್ಪು ಚುಕ್ಕೆ ಕಂಡರೆ ಇಳಿಸಿ. ಸಿಹಿಗುಂಬಳದ ಸಿಪ್ಪೆ ತೆಗೆಯಬೇಡಿ, ತೆಗೆದರೆ ತುಂಡು ಕರಗಿ ಮುದ್ದೆಯಾಗುತ್ತದೆ. ಅರ್ಧ ಗಂಟೆ ಹುರಿದ ಮೇಲೆ ಸಿಪ್ಪೆ ತಾನಾಗಿ ಬಿಡುತ್ತದೆ. ನವಿಲುಕೋಸು ನನಗೇ ಅಚ್ಚರಿ ತಂದ ತರಕಾರಿ. ಹುಳಿಯಲ್ಲಿ ಯಾರೂ ಮುಟ್ಟದ ಅದು, ತೆಳ್ಳಗೆ ಸೀಳಿ ಹುರಿದಾಗ ಆಲೂಗೆಡ್ಡೆಯ ಜೊತೆ ಪೈಪೋಟಿಗೆ ಬರುತ್ತದೆ. ಬೆಂಡೆಕಾಯಿಯನ್ನು ತೊಳೆದು, ಪೂರ್ತಿ ಒಣಗಿದ ಮೇಲಷ್ಟೇ ಹೆಚ್ಚಿ. ಅದರ ಲೋಳೆ ನೀರಿನಲ್ಲಿ ಕರಗುವಂಥದ್ದು, ಒದ್ದೆ ಚಾಕು ತಗುಲಿದರೂ ಎಳೆ ಬಿಡಲು ಶುರು. ಉದ್ದಕ್ಕೆ ನಾಲ್ಕು ಸೀಳು ಮಾಡಿ ಇಪ್ಪತ್ತು ನಿಮಿಷ ಹುರಿದರೆ ಲೋಳೆಯ ಸುಳಿವೇ ಇರುವುದಿಲ್ಲ. ಬೀಟ್‌ರೂಟ್ ತಿಂದ ಮಾರನೆಯ ಬೆಳಿಗ್ಗೆ ಮಗುವಿನ ಮೂತ್ರ ನಸುಗೆಂಪಾಗಿದ್ದರೆ ಗಾಬರಿ ಬೀಳಬೇಡಿ, ಅದು ಗೆಡ್ಡೆಯ ಬಣ್ಣ. ಇದನ್ನು ಸೊಸೆಗೆ ಮುಂಚಿತವಾಗಿಯೇ ಹೇಳಿಡುವುದು ಕ್ಷೇಮ.

ಸೋರೆ, ಹೀರೆ, ಸೌತೆ ಈ ವಿಧಾನಕ್ಕೆ ಒಗ್ಗುವುದಿಲ್ಲ. ಅವು ಹೆಚ್ಚುಕಡಿಮೆ ನೀರೇ. ಬದನೆಯ ವಿಷಯದಲ್ಲಿ ನನಗೆ ದುಃಖವಿದೆ. ಮೈಸೂರಿನವನಾಗಿ ಈರನಗೆರೆ ಬದನೆಯ ಅಭಿಮಾನಿ ನಾನು, ಸುಟ್ಟ ಬದನೆಯ ಗೊಜ್ಜಿಗೆ ಊಟ ಬಿಟ್ಟು ಕಾಯುವವನು. ಮೊಮ್ಮಕ್ಕಳು ಮಾತ್ರ ಬದನೆಯನ್ನು ಓವನ್ನಿನಲ್ಲೂ ಒಪ್ಪುವುದಿಲ್ಲ. ಸರಿ, ಅದು ನನ್ನ ಪಾಲಿಗೆ.

ಓವನ್ ಇಲ್ಲದವರು ಓದುವುದನ್ನು ನಿಲ್ಲಿಸಬೇಕಿಲ್ಲ. ದೋಸೆ ಹೊಯ್ಯುವ ಕಬ್ಬಿಣದ ಕಾವಲಿ ಸಾಕು. ಚೆನ್ನಾಗಿ ಕಾಯಿಸಿ, ಎಣ್ಣೆ ಸವರಿ, ಸೀಳಿದ ಬದಿ ಕೆಳಗೆ ಬರುವಂತೆ ತುಂಡುಗಳನ್ನು ಬಿಡಿಬಿಡಿಯಾಗಿ ಜೋಡಿಸಿ, ಉರಿಯನ್ನು ಮಧ್ಯಮಕ್ಕೆ ಇಳಿಸಿ. ಆಮೇಲೆ ಕೈ ಕಟ್ಟಿಕೊಂಡು ನಿಲ್ಲಬೇಕು. ನಮ್ಮವರಿಗೆ ಇದೇ ಕಷ್ಟ, ಸೌಟು ಕೈಯಲ್ಲಿದ್ದರೆ ಆಡಿಸದೆ ಇರಲಾಗದು. ಐದಾರು ನಿಮಿಷ ಮುಟ್ಟದಿದ್ದರೆ ತಳ ಕೆಂಪಗಾಗುತ್ತದೆ. ಗಟ್ಟಿ ಕ್ಯಾರೆಟ್ಟಾದರೆ ಮೊದಲ ಮೂರು ನಿಮಿಷ ಮಾತ್ರ ಮುಚ್ಚಳ ಹಾಕಿ ತೆಗೆಯಿರಿ. ನನ್ನಾಕೆ ಮಾಡುವುದು ಹೀಗೆ. ಹುರುಳಿಕಾಯಿಯ ಮಟ್ಟಿಗೆ ಅವಳ ಕಾವಲಿಯೇ ನನ್ನ ಓವನ್ನಿಗಿಂತ ಮೇಲು, ಇದನ್ನು ಅವಳಿಗೆ ಹೇಳಿಯೂ ಇದ್ದೇನೆ.

ಮೇಲೆ ಉದುರಿಸುವ ಪುಡಿ ನಮ್ಮ ಮನೆಯದೇ. ಹುರಿಗಡಲೆ ನಾಲ್ಕು ಚಮಚ, ಹುರಿದ ಬಿಳಿ ಎಳ್ಳು ಎರಡು, ಜೀರಿಗೆ ಅರ್ಧ, ಚಿಟಿಕೆ ಇಂಗು, ಸ್ವಲ್ಪ ಉಪ್ಪು. ಒಣಮೆಣಸಿನಕಾಯಿ ಇಲ್ಲ. ತರಿತರಿಯಾಗಿ ಪುಡಿ ಮಾಡಿ, ತರಕಾರಿ ಬಿಸಿ ಇರುವಾಗಲೇ ಉದುರಿಸಿದರೆ ಅಂಟಿಕೊಳ್ಳುತ್ತದೆ. ಮೊದಲೇ ಹಾಕಿದರೆ ಹುರಿಗಡಲೆ ಸೀದು ಕಹಿಯಾಗುತ್ತದೆ. ಸಿಹಿಗುಂಬಳಕ್ಕೆ ಮಾತ್ರ ಬೇರೆ ಉಪಚಾರ: ಇಳಿಸಲು ಐದು ನಿಮಿಷ ಇರುವಾಗ ಒಂದು ಚಮಚ ತುಪ್ಪದಲ್ಲಿ ಚೂರು ಮಂಡ್ಯದ ಬೆಲ್ಲ ಕರಗಿಸಿ ಸವರುತ್ತೇನೆ, ಆಮೇಲೆ ನಿಂಬೆರಸ ನಾಲ್ಕು ಹನಿ. ಕ್ಯಾರೆಟ್, ಕುಂಬಳಗಳಲ್ಲಿರುವ ಬೀಟಾ ಕ್ಯಾರೊಟೀನ್ ಜಿಡ್ಡಿನ ಜೊತೆಗಿದ್ದರೇನೇ ದೇಹಕ್ಕೆ ಚೆನ್ನಾಗಿ ಹತ್ತುವುದು. ಹಾಗಾಗಿ ತುಪ್ಪಕ್ಕೆ ಜಿಪುಣತನ ಬೇಡ.

ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ದುಂಡಗಿನ, ಗಟ್ಟಿ ತುಂಡು ಗಂಟಲಿಗೆ ಸಿಕ್ಕಿಕೊಳ್ಳಬಹುದು. ಕ್ಯಾರೆಟ್ಟನ್ನು ಬಿಲ್ಲೆಗಳಾಗಿ ಹೆಚ್ಚಬೇಡಿ, ಉದ್ದಕ್ಕೆ ಸೀಳಿ. ಹೆಬ್ಬೆರಳು, ತೋರುಬೆರಳಿನ ನಡುವೆ ಹಿಸುಕಿದರೆ ಮಣಿಯುವಷ್ಟು ಬೆಂದಿರಬೇಕು. ಇಡೀ ಕಡಲೆಕಾಯಿ ಬೀಜ, ಗೋಡಂಬಿ ಮೇಲೆ ಉದುರಿಸಬೇಡಿ. ಮಗು ಕುಳಿತು ತಿನ್ನಬೇಕು, ಓಡಾಡುತ್ತ ಅಲ್ಲ. ವರ್ಷ ತುಂಬದ ಕೂಸಿಗಾದರೆ ಉಪ್ಪೂ ಬೇಡ, ಬೆಲ್ಲವೂ ಬೇಡ, ಜೇನುತುಪ್ಪವಂತೂ ಬೇಡವೇ ಬೇಡ. ಮೆತ್ತಗಾಗುವ ತನಕ ಹುರಿದ ಕುಂಬಳವನ್ನು ಕಿವುಚಿ ಕೊಟ್ಟರೆ ಸಾಕು.

ಇನ್ನು ಬಡಿಸುವ ಶಾಸ್ತ್ರ. ರಾತ್ರಿ ಊಟದ ತಟ್ಟೆಯಲ್ಲಿ, ಅನ್ನ ಸಾರಿನ ಪಕ್ಕ ಇಟ್ಟರೆ ಇದು ಸೋಲುತ್ತದೆ. ಶಾಲೆಯಿಂದ ಬಂದು, ಕೈಕಾಲು ತೊಳೆದು, ಬಿಸ್ಕತ್ತಿನ ಡಬ್ಬಿಯ ಕಡೆ ಕಣ್ಣು ಹಾಯುವ ಹೊತ್ತಿಗೆ ಬಿಸಿ ಟ್ರೇ ಹೊರಗೆ ಬರಬೇಕು. ಒಂದೇ ದೊಡ್ಡ ತಟ್ಟೆಯಲ್ಲಿ ಹಾಕಿ, ಪಕ್ಕದಲ್ಲಿ ಒಂದು ಬಟ್ಟಲು ಗಟ್ಟಿ ಮೊಸರು ಇಟ್ಟು, ನಾವಿಬ್ಬರೂ ಕುಳಿತು ತಿನ್ನಲು ಶುರು ಮಾಡುತ್ತೇವೆ. "ತಿನ್ನು ಪುಟ್ಟಾ, ಒಳ್ಳೆಯದು, ಶಕ್ತಿ ಬರುತ್ತದೆ" ಎಂಬ ಪಾರಾಯಣ ನಮ್ಮ ಮನೆಯಲ್ಲಿ ನಿಷಿದ್ಧ. ಇದನ್ನು ಜಾರಿಗೆ ತರುವುದು ಹುರಿಯುವುದಕ್ಕಿಂತ ಕಷ್ಟವಾಯಿತು. ಮಗು ಖಾಲಿ ಕೈಯಲ್ಲಿ ಕುಳಿತಿದ್ದರೆ ಅಜ್ಜಿಯಾದವಳಿಗೆ ಎದೆಯೇ ಒಡೆಯುತ್ತದೆ. ಆದರೆ ಹೊಸ ರುಚಿಯನ್ನು ಮಗು ಒಪ್ಪಲು ಎಂಟರಿಂದ ಹದಿನೈದು ಸಲ ಅದು ಎದುರಿಗೆ ಬರಬೇಕಾಗಬಹುದು ಎನ್ನುತ್ತಾರೆ ಮಕ್ಕಳ ಆಹಾರ ಬಲ್ಲವರು. ಹೆಚ್ಚಿನ ಮನೆಗಳಲ್ಲಿ ಮೂರನೆಯ ಸಲಕ್ಕೇ ತೀರ್ಪು ಬರೆದು ಮುಗಿಸಿಬಿಡುತ್ತಾರೆ.

ಬೆಂಡೆಕಾಯಿ ಮೊದಲು ಬಂದಾಗ ಚಿಕ್ಕವನು ಅದನ್ನು ಮುಟ್ಟಿ, ಮೂಸಿ, ಮೊಸರಿನಲ್ಲಿ ಅದ್ದಿ, ಮೊಸರನ್ನಷ್ಟೇ ನೆಕ್ಕಿ ವಾಪಸು ಇಟ್ಟ. ನಾನು ಏನೂ ಅನ್ನಲಿಲ್ಲ. ಎಷ್ಟೋ ಸಂಜೆಗಳ ನಂತರ ಅಕ್ಕ ಕೊನೆಯ ತುಂಡಿಗೆ ಕೈ ಚಾಚಿದಾಗ "ತಾತಾ, ಅದು ನನ್ನದು!" ಎಂದು ಅರಚಿದ. ಜಗಳಕ್ಕೆ ಅರ್ಹವಾದ ವಸ್ತು ಎಂದಾದ ಮೇಲೆ ಬೆಂಡೆಕಾಯಿಯ ಸ್ಥಾನ ಭದ್ರವಾಯಿತು.

ಇವೆಲ್ಲಕ್ಕಿಂತ ಸುಲಭದ್ದು ಗೆಣಸು. ಸಂಕ್ರಾಂತಿಗೆ ಅವರೆಕಾಯಿ, ಕಡಲೆಕಾಯಿಯ ಜೊತೆ ನಾವೆಲ್ಲ ಬೇಯಿಸುವುದೇ ಹೆಚ್ಚು, ಆದರೆ ಹುರಿದದ್ದರ ರುಚಿ ಬೇರೆ. ಪಾಂಡವಪುರದ ಕಡೆ ನಮ್ಮ ಸೋದರಮಾವನ ಊರಿನಲ್ಲಿ ಆಲೆಮನೆಯ ಒಲೆಯ ಕೆಂಡಕ್ಕೆ ಗೆಣಸು ಹೂತಿಟ್ಟು, ಕೊಪ್ಪರಿಗೆಯ ಬೆಲ್ಲ ಹದಕ್ಕೆ ಬರುವ ತನಕ ಮಕ್ಕಳನ್ನು ಕಾಯಿಸುತ್ತಿದ್ದರು. ಆ ನಿಧಾನಕ್ಕೂ ಸಿಹಿಗೂ ಸಂಬಂಧವಿದೆ. ಗೆಣಸಿನ ಒಳಗಿನ ಕಾವು ಸುಮಾರು 60ರಿಂದ 75 ಡಿಗ್ರಿಯ ನಡುವೆ ಹೆಚ್ಚು ಹೊತ್ತು ನಿಂತರೆ ಅದರಲ್ಲೇ ಇರುವ ಕಿಣ್ವವೊಂದು ಪಿಷ್ಟವನ್ನು ಮಾಲ್ಟೋಸ್ ಸಕ್ಕರೆಯಾಗಿ ಮಾರ್ಪಡಿಸುತ್ತದೆ. ಕುಕ್ಕರಿನಲ್ಲಿ ಎರಡು ಸೀಟಿ ಕೂಗಿಸಿದರೆ ಆ ಕೆಲಸಕ್ಕೆ ಸಮಯ ಸಾಲುವುದಿಲ್ಲ. ಹಾಗಾಗಿ ಮಧ್ಯಮ ಗಾತ್ರದ ಗೆಣಸನ್ನು ಸಿಪ್ಪೆಸಮೇತ, ಇಡಿಯಾಗಿ, ಕಾಯಿಸದ ಓವನ್ನಿನಲ್ಲೇ ಇಟ್ಟು 180ಕ್ಕೆ ತಿರುಗಿಸಿ, ಒಂದು ಗಂಟೆ ಮರೆತುಬಿಡಿ. ಸಿಪ್ಪೆಯ ಬಿರುಕಿನಿಂದ ಜೇನಿನ ಬಣ್ಣದ ರಸ ಒಸರಿದರೆ ಆಯಿತು. ಅಡಿಯಲ್ಲಿ ಹಳೆಯ ತಟ್ಟೆ ಇಡಿ, ಆ ರಸ ಟ್ರೇಗೆ ಹತ್ತಿದರೆ ಉಜ್ಜುವವರಿಗೇ ಗೊತ್ತು ಪಾಡು.

ಹುರಿದದ್ದು ಸಾಮಾನ್ಯವಾಗಿ ಉಳಿಯುವುದಿಲ್ಲ. ಉಳಿದರೆ ಫ್ರಿಜ್ಜಿನಲ್ಲಿ ಮೆತ್ತಗಾಗುತ್ತದೆ. ಮಾರನೆಯ ದಿನ ಕಾವಲಿಯ ಮೇಲೆ ಎಣ್ಣೆ ಹಾಕದೆ ಮೂರು ನಿಮಿಷ ಬಿಸಿ ಮಾಡಿದರೆ ಮತ್ತೆ ಅಂಚು ಗರಿಯಾಗುತ್ತದೆ, ಇಲ್ಲವೇ ಸಣ್ಣಗೆ ಹೆಚ್ಚಿ ಅಕ್ಕಿರೊಟ್ಟಿಯ ಹಿಟ್ಟಿಗೆ ಕಲಸಬಹುದು. ಅಡಗಿಸುವುದು ನಿಮಗೆ ಹಿಡಿಸುವುದಿಲ್ಲ ಎಂದಿರಲ್ಲ ಎಂದು ಯಾರಾದರೂ ಕೇಳಿಯಾರು. ನಮ್ಮ ರೊಟ್ಟಿಯಲ್ಲಿ ತುಂಡುಗಳು ದಪ್ಪಗೆ, ಕಣ್ಣಿಗೆ ಕಾಣುವಂತೆಯೇ ಇರುತ್ತವೆ.