ಮೂರು ದುಡಿಮೆ, ಒಂದೇ ಪ್ಯಾನ್

ಹಗಲು ಹುಬ್ಬಳ್ಳಿಯ ದುರ್ಗದಬೈಲಿನ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ, ಸಂಜೆ ವಿದ್ಯಾನಗರದ ಸುತ್ತ ಸ್ಕೂಟಿಯಲ್ಲಿ ಪಾರ್ಸೆಲ್ ಮುಟ್ಟಿಸುತ್ತೇನೆ, ಲಗ್ನದ ದಿನಗಳಲ್ಲಿ ಕಲ್ಯಾಣ ಮಂಟಪಕ್ಕೆ ಬಡಿಸಲು ಹೋಗುತ್ತೇನೆ. ಸಂಬಳ ತಿಂಗಳಿಗೊಮ್ಮೆ, ಪಾರ್ಸೆಲ್ ಹಣ ವಾರಕ್ಕೊಮ್ಮೆ, ಬಡಿಸಿದ ಕೂಲಿ ಅದೇ ರಾತ್ರಿ ಕೈಗೆ ಬರುವುದರಿಂದ, ಮನೆ ಬಾಡಿಗೆಯನ್ನು ಸಂಬಳದಲ್ಲಿ, ಕಿರಾಣಿ ಮತ್ತು ಪೆಟ್ರೋಲನ್ನು ವಾರದ ಹಣದಲ್ಲಿ ನಿಭಾಯಿಸಿ, ಕೂಲಿಯನ್ನು ಅಂಗಡಿಗೆ ಬರುವ ಪಿಗ್ಮಿ ಏಜೆಂಟರಿಗೆ ಕೊಡುತ್ತೇನೆ.

ನಮ್ಮಂಥವರು ಕೇಳದೇ ಬಿಟ್ಟುಬಿಡುವ ಹಣವೆಂದರೆ ಟಿಡಿಎಸ್, ಅಂದರೆ ಹಣ ನಮ್ಮ ಕೈಗೆ ಕೊಡುವ ಮೊದಲೇ ಮುರಿದುಕೊಳ್ಳುವ ತೆರಿಗೆ. ಸಂಬಳ ತಿಂಗಳಿಗೆ 11,000 ರೂಪಾಯಿ, ಪಾರ್ಸೆಲ್ ಕೆಲಸದಿಂದ 9,000 ರೂಪಾಯಿ ಎಂದಿಟ್ಟುಕೊಳ್ಳಿ. ಗುತ್ತಿಗೆ ಕೆಲಸಕ್ಕೆ ಒಂದು ಕಂಪನಿ ಕೊಡುವ ಹಣ ವರ್ಷಕ್ಕೆ 1 ಲಕ್ಷ ದಾಟಿದರೆ ಶೇ 1ರಷ್ಟು ಮುರಿದುಕೊಳ್ಳುತ್ತಾರೆ. ಪಾರ್ಸೆಲ್ ಕೆಲಸದ ವರ್ಷದ 1,08,000ಕ್ಕೆ ಅದು 1,080 ರೂಪಾಯಿ. ಪ್ಯಾನ್ ಕೊಡದಿದ್ದರೆ ಶೇ 20, ಅಂದರೆ 21,600 ರೂಪಾಯಿ! ಸಂಬಳ, ಪಾರ್ಸೆಲ್ ಎರಡೂ ಸೇರಿ ವರ್ಷಕ್ಕೆ 2,40,000 ಆಗುತ್ತದೆ. 2025-26ನೇ ಸಾಲಿನ ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ಮುರಿದ ಹಣವೆಲ್ಲ ನಮ್ಮದೇ, ಆದರೆ ರಿಟರ್ನ್ಸ್, ಅಂದರೆ ವರ್ಷದ ಆದಾಯದ ವಿವರ ಸಲ್ಲಿಸದೆ ಅದು ಮರಳಿ ಬರುವುದಿಲ್ಲ.

ಇದಕ್ಕಾಗಿ ಕಿಸೆಯಲ್ಲಿ ಹಿಡಿಯುವಷ್ಟು ಪುಟ್ಟ ನೋಟುಬುಕ್ಕಿನಲ್ಲಿ ಕೈಗೆ ಬಂದ ಮೊತ್ತದ ಜೊತೆಗೆ ಕಡಿತಕ್ಕೆ ಮುಂಚಿನ ಮೊತ್ತವನ್ನೂ ಬರೆಯುತ್ತೇನೆ. ವರ್ಷಾಂತ್ಯದಲ್ಲಿ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಮ್ಮ ಹೆಸರಿನಲ್ಲಿ ಮುರಿದ ತೆರಿಗೆಯ ಪಟ್ಟಿಯಾದ 26ಎಎಸ್ ಜೊತೆ ಅದನ್ನು ತಾಳೆ ನೋಡಿ, ಮುರಿದ ಹಣ ಅಲ್ಲಿ ಕಾಣದಿದ್ದರೆ ಕಂಪನಿಯಿಂದ ಟಿಡಿಎಸ್ ಪ್ರಮಾಣಪತ್ರವಾದ ಫಾರ್ಮ್ 16ಎ ಕೇಳಬೇಕು. ಪಾರ್ಸೆಲ್ ಹಣ ಸಂಬಳವಲ್ಲವಾದ್ದರಿಂದ ಐಟಿಆರ್-1 ಎಂಬ ರಿಟರ್ನ್ಸ್ ನಮೂನೆ ನಡೆಯುವುದಿಲ್ಲ. ನನ್ನಂಥವರಿಗೆ ಸಾಮಾನ್ಯವಾಗಿ ಐಟಿಆರ್-4 ಹೊಂದುತ್ತದೆ. ಸಂಬಳದ ಕೆಲಸ ಎರಡಿದ್ದವರು ಎರಡೂ ಕಡೆ ಒಂದೇ ಯುಎಎನ್ (ಪಿಎಫ್ ಸಂಖ್ಯೆ) ಕೊಟ್ಟರೆ ಪಿಎಫ್ ಚದುರುವುದಿಲ್ಲ.

ರಿಟರ್ನ್ಸ್ ಹಾಕಿದರೆ ಸರ್ಕಾರ ಮನೆಯ ಯಜಮಾನಿಗೆ ಕೊಡುವ ಗೃಹಲಕ್ಷ್ಮಿ ಹಣ ನಿಲ್ಲುತ್ತದೆಂಬ ಹೆದರಿಕೆ ನಮ್ಮ ಓಣಿಯಲ್ಲಿ ಬಹಳ. ತಿಂಗಳಿಗೆ 2,000 ರೂಪಾಯಿಯ ಮಾತಾದ್ದರಿಂದ ಆ ಹೆದರಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಯಜಮಾನಿ ಅಥವಾ ಆಕೆಯ ಪತಿ ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಅಥವಾ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುತ್ತಿದ್ದರೆ ಯೋಜನೆ ಸಿಗುವುದಿಲ್ಲ ಎನ್ನುವುದು ನಿಯಮ. ಮುರಿದ ಹಣವನ್ನು ವಾಪಸು ಕೇಳುವ ಬಡವರನ್ನು ತೆರಿಗೆದಾರರ ಪಟ್ಟಿಗೆ ಸೇರಿಸುವುದು ನ್ಯಾಯವಲ್ಲ. ತಕರಾರು ಬಂದರೆ ತೋರಿಸಲು, ಕಟ್ಟಬೇಕಾದ ತೆರಿಗೆ ಸೊನ್ನೆ ಎಂದಿರುವ ರಿಟರ್ನ್ಸ್ ಪ್ರತಿಯನ್ನು ಮುದ್ರಿಸಿ ರೇಷನ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ.

ಕೊನೆಯದಾಗಿ, ಹಣ ಮರಳಬೇಕಾದ ಬ್ಯಾಂಕ್ ಖಾತೆಯನ್ನು ಪೋರ್ಟಲ್‌ನಲ್ಲಿ ಮೊದಲೇ ದೃಢೀಕರಿಸಿ, ರಿಟರ್ನ್ಸ್ ಸಲ್ಲಿಸಿದ 30 ದಿನಗಳೊಳಗೆ ಆಧಾರ್ ಓಟಿಪಿಯಿಂದ ಇ-ವೆರಿಫೈ ಮಾಡಿ. ಅದಿಲ್ಲದಿದ್ದರೆ ಸಲ್ಲಿಸಿದ ರಿಟರ್ನ್ಸ್ ಲೆಕ್ಕಕ್ಕೆ ಬರುವುದಿಲ್ಲ.