ಇಪ್ಪತ್ತೆರಡು ವರ್ಷದ ಮೇಲೆ ಮತ್ತೆ ಪಾಠಕ್ಕೆ

ಸರ್ವೀಸಿಗೆ ಸೇರಿ 22 ವರ್ಷವಾದ ಮೇಲೆ, ಮೈಸೂರಿನ ಪೊಲೀಸ್ ಅಕಾಡೆಮಿಯಲ್ಲಿ ಮತ್ತೆ ನೋಟ್‌ಬುಕ್ ಹಿಡಿದು ಕೂತಿದ್ದೇನೆ. ಇವತ್ತು ಅಪರಾಧಶಾಸ್ತ್ರ. 1979ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞರಾದ ಕೊಹೆನ್ ಮತ್ತು ಫೆಲ್ಸನ್ ಹೇಳಿದ್ದು: ಕದಿಯುವ ಮನಸ್ಸಿದ್ದವನು, ಕೈಗೆಟಕುವ ವಸ್ತು, ಕಾಯುವವರಿಲ್ಲದ ಹೊತ್ತು, ಈ ಮೂರೂ ಒಂದೆಡೆ ಕೂಡಿದಾಗ ಅಪರಾಧ ನಡೆಯುತ್ತದೆ.

ತಟ್ಟನೆ ನನ್ನ ಹಳೇ ಠಾಣೆಯ ಸರಗಳ್ಳತನದ ಕೇಸುಗಳು ನೆನಪಾದವು. ಎಲ್ಲವೂ ಬೆಳಿಗ್ಗೆ ಆರೂವರೆ ಸುಮಾರಿಗೆ, ಹಾಲಿನ ಬೂತಿನ ಹಿಂದಿನ ಅಡ್ಡರಸ್ತೆಯಲ್ಲಿ. ನಮ್ಮ ರಾತ್ರಿ ಬೀಟ್ ಆರಕ್ಕೇ ಮುಗಿಯುತ್ತಿತ್ತು. ನಾವು ಹಳೇ ಆಸಾಮಿಗಳನ್ನೇ ಮತ್ತೆ ಮತ್ತೆ ಕರೆತಂದು ವಿಚಾರಿಸುತ್ತಿದ್ದೆವು. ಆ ಅರ್ಧ ಗಂಟೆಯ ಕಡೆ ಯಾರೂ ನೋಡಲಿಲ್ಲ. ಕುತ್ತಿಗೆ ಕೆಂಪಗೆ ಊದಿದ್ದ ಅಜ್ಜಿಯೊಬ್ಬರು, ಉಳಿದ ಕರಿಮಣಿಗಳನ್ನು ಸೆರಗಿನ ಗಂಟಿನಿಂದ ಬಿಚ್ಚಿ ನನ್ನ ಮೇಜಿನ ಮೇಲೆ ಸುರಿದಿದ್ದರು. ಅದು ಕಣ್ಣಿಗೆ ಕಟ್ಟಿ, ಬರೆಯುತ್ತಿದ್ದ ಕೈ ನಿಂತುಹೋಯಿತು.

ಸೋಮವಾರ ಠಾಣೆಗೆ ಹೋದವನೇ ಬೀಟ್ ಪುಸ್ತಕ ತೆಗೆಯುತ್ತೇನೆ.